ಪೀಠದ ಮೇಲೆ ಹೆಸರು ಕೊರೆದವರು: ಕೆಲಸದ ಹೆಮ್ಮೆಗೂ ಆತ್ಮಸಾಕ್ಷಿಗೂ ಇರುವ ನಂಟು

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಎಲ್ಲರ ಕಣ್ಣೂ ಮೇಲಿರುತ್ತದೆ. ಸೂರಿನಂಚಿನ ಕೆಳಗೆ ಓರೆಯಾಗಿ ನಿಂತ ಮದನಿಕೆಯರು ಅಲ್ಲಿದ್ದಾರೆ. ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಾಳೆ, ಒಬ್ಬಳು ಗಿಳಿಯ ಜೊತೆ ಮಾತಿಗಿಳಿದಿದ್ದಾಳೆ, ಇನ್ನೊಬ್ಬಳು ಬಿಲ್ಲು ಹಿಡಿದು ಬೇಟೆಗೆ ಹೊರಟಿದ್ದಾಳೆ. ಹೊರಗೋಡೆಯ ಸುತ್ತ 38, ಒಳಗಿನ ನವರಂಗದಲ್ಲಿ ಇನ್ನೂ ನಾಲ್ಕು. ಅವರ ಒಡವೆ, ಬಳುಕು, ಬೆರಳ ತುದಿಗಳನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಈ ಲೇಖನ ಅವರ ಕಾಲ ಕೆಳಗಿನ ಪೀಠವನ್ನು ಕುರಿತದ್ದು. ಕೆಲವು ಪೀಠಗಳ ಮೇಲೆ ಸಣ್ಣ ಅಕ್ಷರಗಳಲ್ಲಿ ಕೆತ್ತಿದವನ ಹೆಸರಿದೆ. ಕೆಲವೆಡೆ ಅಪ್ಪನ ಹೆಸರು, ಊರಿನ ಹೆಸರೂ ಇವೆ. ಇನ್ನು ಕೆಲವೆಡೆ ಎದುರಾಳಿಗಳನ್ನು ಕೆಣಕುವಂಥ ಬಿರುದುಗಳೂ ಇವೆ.

ಹೊಯ್ಸಳ ಅರಸ ವಿಷ್ಣುವರ್ಧನ ಈ ದೇವಾಲಯದಲ್ಲಿ ದೇವರ ಪ್ರತಿಷ್ಠೆ ಮಾಡಿಸಿದ್ದು 1117ರಲ್ಲಿ. ದೇವರ ಮನೆಯಲ್ಲಿ, ಅರಸನ ಹಣದಲ್ಲಿ, ಬೇರೆ ಊರಿಂದ ಕೆಲಸಕ್ಕೆ ಬಂದವನೊಬ್ಬ ‘ಇದು ನಾನು ಮಾಡಿದ್ದು’ ಎಂದು ಕಲ್ಲಿನಲ್ಲೇ ಬರೆದುಬಿಡುತ್ತಾನಲ್ಲ, ಆ ಧೈರ್ಯ ಎಲ್ಲಿಂದ ಬಂತು? ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವುದೇ ‘ನಿನ್ನನ್ನು ನೀನೇ ಹೊಗಳಿಕೊಳ್ಳಬೇಡ’ ಎಂದು. ಅದು ಒಳ್ಳೆಯ ಮಾತೇ. ಆದರೆ ಎಷ್ಟೋ ಜನರಲ್ಲಿ ಅದು ಬೇರೆ ರೂಪ ತಾಳುತ್ತದೆ. ಒಂದು ಕವಿತೆ, ಒಂದು ಚಿತ್ರ, ಒಂದು ರಂಗೋಲಿ ಚೆನ್ನಾಗಿ ಬಂದರೂ ಸಂತೋಷಪಡಲು ಅಳುಕು. ಯಾರಾದರೂ ಮೆಚ್ಚಿದರೆ ‘ಅಯ್ಯೋ, ಏನೂ ಇಲ್ಲ ಬಿಡಿ’ ಎಂದು ತಳ್ಳಿಹಾಕುವ ಅಭ್ಯಾಸ. ಇದಕ್ಕೆ ಜೋಡಿಯಾಗಿ ಇನ್ನೊಂದು ತಪ್ಪು ತಿಳಿವಳಿಕೆಯೂ ಬೇರೂರಿದೆ. ಆತ್ಮಾವಲೋಕನ ಎಂದರೆ ತನ್ನನ್ನು ತಾನೇ ಬೈದುಕೊಳ್ಳುವುದು, ಎಷ್ಟು ಹೆಚ್ಚು ಬೈದುಕೊಂಡರೆ ಅಷ್ಟು ಪ್ರಾಮಾಣಿಕ ಎಂದು ನಂಬಿದವರಿದ್ದಾರೆ. ಈ ಎರಡು ಗಂಟುಗಳನ್ನೂ ಬಿಡಿಸಲು ಹೊಯ್ಸಳ ಶಿಲ್ಪಿಗಳಷ್ಟು ನೆರವಾಗುವವರು ನನಗೆ ಬೇರೆ ಯಾರೂ ಕಂಡಿಲ್ಲ.

ಕಲ್ಲಿನ ಮೇಲಿರುವುದು ಏನು?

ಅಂದಿನ ಕನ್ನಡದಲ್ಲಿ ಶಿಲ್ಪಿಯನ್ನು ರೂವಾರಿ ಎನ್ನುತ್ತಿದ್ದರು. ಬೇಲೂರಿನಲ್ಲಿ ದುಡಿದ ರೂವಾರಿಗಳಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವಿಯವರು. ಬಳ್ಳಿಗಾವಿ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಆ ಕಾಲಕ್ಕೆ ಅದು ಮಠಗಳು, ವಿದ್ಯಾಕೇಂದ್ರಗಳು, ದೇವಾಲಯಗಳಿಂದ ತುಂಬಿದ ದೊಡ್ಡ ಪಟ್ಟಣ. ಮದನಿಕೆಯರಲ್ಲಿ ನಾಲ್ಕು ದಾಸೋಜನವು, ಐದು ಚಾವಣನವು ಎಂದು ಗುರುತಿಸಲಾಗಿದೆ. ಅಪ್ಪನಿಗಿಂತ ಮಗನದು ಒಂದು ಹೆಚ್ಚು! ಇವರಲ್ಲದೆ ಮಲ್ಲಿಯಣ್ಣ, ನಾಗೋಜ, ಚಿಕ್ಕಹಂಪ, ಮಲ್ಲೋಜ ಮುಂತಾದ ಹೆಸರುಗಳೂ ಸಿಗುತ್ತವೆ. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರಂಥ ವಿದ್ವಾಂಸರು ಈ ಪುಟ್ಟ ಬರಹಗಳನ್ನು ಒಂದೊಂದಾಗಿ ಓದಿ ದಾಖಲಿಸಿದ್ದರಿಂದ ನಮಗೆ ಈ ಹೆಸರುಗಳು ಉಳಿದಿವೆ.

ಬಿರುದುಗಳ ಧಾಟಿ ಕೇಳಬೇಕು. ‘ಬಿರುದಿನ ರೂವಾರಿಗಳೆಂಬ ಮನ್ಮಥನಿಗೆ ಶಿವ’ ಎಂಬ ಅರ್ಥದ್ದು ಒಂದು. ಶಿವ ಮನ್ಮಥನನ್ನು ಸುಟ್ಟಂತೆ ಎದುರಾಳಿ ಶಿಲ್ಪಿಗಳನ್ನು ಸುಡುವವನು ಎಂದು ಅದರ ಭಾವ. ‘ಎದುರಾಳಿ ರೂವಾರಿಗಳೆಂಬ ಬೆಟ್ಟಕ್ಕೆ ವಜ್ರಾಯುಧ’ ಎಂಬ ಅರ್ಥದ್ದು ಇನ್ನೊಂದು. ಅರಸರ, ದಂಡನಾಯಕರ ಪ್ರಶಸ್ತಿಗಳಲ್ಲಿ ಬರುವ ವೀರರ ಭಾಷೆಯನ್ನೇ ಇವರು ಉಳಿ ಸುತ್ತಿಗೆಯ ಕೆಲಸಕ್ಕೆ ತಂದುಕೊಂಡರು.

ಇದೇ ಕರ್ನಾಟಕದಲ್ಲಿ ಇದಕ್ಕೂ ಹಿಂದಿನ ಒಂದು ಪದ್ಧತಿಯ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಎಂಟನೇ ಶತಮಾನದ್ದು. ಚಾಲುಕ್ಯ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಅದನ್ನು ಕಟ್ಟಿಸಿದಳು. ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಿಕ್ಕಿತೆಂದು ಅಲ್ಲಿನ ಶಾಸನ ಹೇಳುತ್ತದೆ. ಅದು ಮೇಲಿನವರು ಕೆಳಗಿನವನಿಗೆ ಕೊಟ್ಟ ಮರ್ಯಾದೆ, ದೊಡ್ಡ ಮರ್ಯಾದೆಯೇ. ಬೇಲೂರಿನಲ್ಲಿ ಮಾತು ಕೆಳಗಿನಿಂದ ಹುಟ್ಟುತ್ತದೆ. ರೂವಾರಿ ತನ್ನ ಕೈಯ ಕೆಲಸದ ಅಡಿಯಲ್ಲೇ, ತನ್ನವರು ತನ್ನನ್ನು ಕರೆಯುವ ಹೆಸರಿನಲ್ಲಿ, ಅದನ್ನು ತನ್ನದೆಂದು ಒಪ್ಪಿಕೊಳ್ಳುತ್ತಾನೆ.

ಈ ಸಹಿಗಳು ಕೂಲಿ ಲೆಕ್ಕಕ್ಕಾಗಿ ಇದ್ದಿರಬಹುದಲ್ಲ ಎಂದು ಯಾರಾದರೂ ಕೇಳಬಹುದು. ಯಾರು ಎಷ್ಟು ವಿಗ್ರಹ ಮುಗಿಸಿದರು ಎಂದು ಎಣಿಸಲು ಒಂದು ಗುರುತು ಬೇಕೇ ಬೇಕು. ಸೋಮನಾಥಪುರದಲ್ಲಿ ಮಲ್ಲಿತಮ್ಮನೆಂಬ ರೂವಾರಿಯ ಹೆಸರು ಒಂದೆಡೆ ಪೂರ್ತಿಯಾಗಿದ್ದರೆ ಮತ್ತೊಂದೆಡೆ ಬರೀ ‘ಮಲ್ಲಿ’ ಎಂದೋ ‘ಮ’ ಎಂದೋ ಇದೆ. ಅಷ್ಟು ಚಿಕ್ಕದಾಗಿರುವುದನ್ನು ನೋಡಿದರೆ ಲೆಕ್ಕದ ಗುರುತು ಎನ್ನುವ ಮಾತು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಆದರೆ ಲೆಕ್ಕಕ್ಕೆ ಬಿರುದು ಬೇಕಿಲ್ಲ, ಅಪ್ಪನ ಹೆಸರು ಬೇಕಿಲ್ಲ, ಊರೂ ಬೇಕಿಲ್ಲ. ಲೆಕ್ಕ ಮುಗಿದ ಮೇಲೂ ಉಳಿಯಬೇಕಾದ ಏನನ್ನೋ ಹೇಳಲು ಹೊರಟವನು ಮಾತ್ರ ಇಷ್ಟೆಲ್ಲ ಬರೆಯುತ್ತಾನೆ. ಕೂಲಿಯೂ ಹೆಮ್ಮೆಯೂ ಒಂದೇ ಪೀಠದ ಮೇಲೆ ಕೂತಿರಬಹುದು. ಅದರಲ್ಲಿ ಅವಮಾನವೇನೂ ಇಲ್ಲ.

ಹೆಸರು ಹಾಕಿದವನು ಸಿಕ್ಕಿಬೀಳುತ್ತಾನೆ

ಹೆಸರು ಹಾಕುವುದನ್ನು ನಾವು ಬರೀ ಹೊಗಳಿಕೆಯ ದಿಕ್ಕಿನಿಂದ ನೋಡುತ್ತೇವೆ. ಅದಕ್ಕೆ ಇನ್ನೊಂದು ಮಗ್ಗುಲಿದೆ. ಹೆಸರಿಲ್ಲದ ವಿಗ್ರಹದ ಮೂಗು ಸೊಟ್ಟಗಿದ್ದರೆ ಅದು ಯಾರ ತಪ್ಪೂ ಆಗುವುದಿಲ್ಲ. ಹೆಸರಿದ್ದರೆ ಆ ಮೂಗು ದಾಸೋಜನದಾಗುತ್ತದೆ, ಅವನ ಮನೆತನದ್ದಾಗುತ್ತದೆ, ಬಳ್ಳಿಗಾವಿಯದ್ದಾಗುತ್ತದೆ.

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ. ಅದರ ದಕ್ಷಿಣದ ಗೋಡೆಯಲ್ಲಿ ನಂದಿಯ ಬೈಚೋಜನ ಕೆಲಸ, ಉತ್ತರದ ಗೋಡೆಯಲ್ಲಿ ಮಲ್ಲಿತಮ್ಮನ ಕೆಲಸ. ಒಂದೇ ಗುಡಿ, ಒಂದೇ ಬಗೆಯ ಕಲ್ಲು, ಅದೇ ವಿಷ್ಣುವಿನ ರೂಪಗಳು, ಅದೇ ಪುರಾಣದ ಕಥೆಗಳು. ಪ್ರದಕ್ಷಿಣೆ ಬರುವ ಯಾರು ಬೇಕಾದರೂ ಈ ಗೋಡೆಯನ್ನೂ ಆ ಗೋಡೆಯನ್ನೂ ತೂಗಿ ನೋಡಬಹುದು. ಇಬ್ಬರಿಗೂ ಅದು ಗೊತ್ತಿತ್ತು. ಬೆಳಗ್ಗೆ ಎದ್ದು ಚಾಣ ಹಿಡಿಯುವಾಗ ಆಚೆ ಬದಿಯಲ್ಲಿ ಇನ್ನೊಬ್ಬ ಒಳ್ಳೆಯ ಕೈಯವನು ಕೂತಿದ್ದಾನೆ ಎಂಬ ಅರಿವು ಇದ್ದೇ ಇರುತ್ತದೆ. ಆ ಅರಿವು ಕೈಯನ್ನು ಸಡಿಲ ಬಿಡಗೊಡುವುದಿಲ್ಲ.

ಬಿರುದುಗಳನ್ನು ಈ ಹಿನ್ನೆಲೆಯಲ್ಲಿ ಇನ್ನೊಮ್ಮೆ ಓದಿ. ಅವು ಭಕ್ತನಿಗೆ ಹೇಳಿದ ಮಾತುಗಳಲ್ಲ, ಅರಸನಿಗೂ ಹೇಳಿದ್ದಲ್ಲ. ಎಲ್ಲ ಬಿರುದೂ ಇನ್ನೊಬ್ಬ ರೂವಾರಿಯತ್ತಲೇ ಮುಖ ಮಾಡಿದೆ. ಬೆರಳಿನ ಸಂದಿಯಲ್ಲಿ ಉಳಿ ಹೇಗೆ ಓಡಿತು, ಎಲ್ಲಿ ತಡವರಿಸಿತು ಎಂದು ಒಂದೇ ನೋಟಕ್ಕೆ ಹೇಳಬಲ್ಲವನು ಅವನೊಬ್ಬನೇ. ಅವನ ಮುಂದೆ ಗೆದ್ದೆ ಎನ್ನುವುದು ಸುಲಭದ ಮಾತಲ್ಲ. ಹಾಗಾಗಿ ನನಗೆ ಇವು ಬಡಾಯಿಯಾಗಿ ಕೇಳಿಸುವುದಿಲ್ಲ. ಅವನು ತೀರ್ಪನ್ನು ಅತ್ಯಂತ ಕಠಿಣ ನ್ಯಾಯಾಧೀಶನ ಕೈಗೇ ಒಪ್ಪಿಸುತ್ತಿದ್ದಾನೆ.

ಆತ್ಮಸಾಕ್ಷಿ ಎಂದರೆ ಹುಟ್ಟಿನಿಂದಲೇ ಒಳಗೆ ಕೂತ ಒಂದು ದನಿ ಎಂದುಕೊಳ್ಳುತ್ತೇವೆ. ಸುಳ್ಳು, ಮೋಸ, ಕಳ್ಳತನದ ವಿಷಯದಲ್ಲಿ ಹಾಗಿರಬಹುದು. ಕಲೆಯ ವಿಷಯದಲ್ಲಿ ಆ ದನಿಯನ್ನು ಬೆಳೆಸಿಕೊಳ್ಳಬೇಕಾಗುತ್ತದೆ. ದಾಸೋಜನ ಪಕ್ಕದಲ್ಲಿ ಕೂತು ಕಲಿತ ಚಾವಣನ ಒಳಗೆ ಅಪ್ಪನ ಕಣ್ಣು ಸೇರಿಕೊಂಡಿರುತ್ತದೆ. ಅಪ್ಪ ಇಲ್ಲದಾಗಲೂ ‘ಈ ಮಡಿಕೆ ಸರಿ ಬರಲಿಲ್ಲ’ ಎನ್ನುವುದು ಆ ಕಣ್ಣೇ. ಅದರ ಜೊತೆಗೆ ಎದುರಾಳಿಯ ಕಣ್ಣು, ಹಿಂದೆ ನೋಡಿ ಬೆರಗಾದ ಹಳೆಯ ಗುಡಿಗಳ ನೆನಪು, ಶಾಸ್ತ್ರದ ಅಳತೆಗಳು. ಇಷ್ಟೆಲ್ಲ ಸೇರಿ ಒಬ್ಬನೊಳಗೆ ಒಂದು ಸಾಕ್ಷಿ ಎದ್ದು ನಿಲ್ಲುತ್ತದೆ. ಒಳ್ಳೆಯ ಕೆಲಸವನ್ನು ಹೆಚ್ಚು ನೋಡದವನ ಆತ್ಮಸಾಕ್ಷಿ ಬೇಗ ತೃಪ್ತಿಪಟ್ಟುಬಿಡುತ್ತದೆ, ಪಾಪ, ಅದರ ತಪ್ಪೂ ಅಲ್ಲ. ಹಾಗಾಗಿ ಹೊಸದಾಗಿ ಬರೆಯುವವರಿಗೆ ‘ನಿಮ್ಮ ಒಳದನಿಯನ್ನು ಕೇಳಿ’ ಎಂದಷ್ಟೇ ಹೇಳಿ ಕಳಿಸುವುದು ಅರ್ಧ ಸಲಹೆ. ಆ ಒಳದನಿಗೆ ಊಟ ಹಾಕಿದ್ದೀರಾ ಎಂದೂ ಕೇಳಬೇಕು.

ಹಲಸಿನ ಹಣ್ಣಿನ ಮೇಲೊಂದು ನೊಣ

ಬೇಲೂರಿನ ಒಬ್ಬ ಮದನಿಕೆಯ ತಲೆಯ ಮೇಲೆ ಬಳ್ಳಿ, ಎಲೆ, ಹಣ್ಣುಗಳ ಚಪ್ಪರವಿದೆ. ಆ ಚಪ್ಪರದಲ್ಲಿ ಒಂದು ಹಲಸಿನ ಹಣ್ಣು. ಹಣ್ಣಿನ ಮೇಲೆ ಒಂದು ನೊಣ ಕೂತಿದೆ. ಸ್ವಲ್ಪ ದೂರದಲ್ಲಿ ಒಂದು ಹಲ್ಲಿ ಮೈ ಹಿಡಿ ಮಾಡಿಕೊಂಡು ಅದರ ಮೇಲೆ ಎರಗಲು ಕಾದಿದೆ. ಇದನ್ನು ನೆಲದಲ್ಲಿ ನಿಂತು ಕಾಣುವುದು ಕಷ್ಟ. ಯಾರಾದರೂ ತೋರಿಸಿಕೊಡಬೇಕು, ತೋರಿಸಿದರೂ ಎಷ್ಟೋ ಜನ ‘ಹೂಂ, ಕಂಡಿತು’ ಎಂದು ಸುಮ್ಮನೆ ತಲೆಯಾಡಿಸುತ್ತಾರೆ.

ಈ ನೊಣ ಯಾರಿಗಾಗಿ? ಪೂಜೆಗೆ ಬೇಡ, ಪುರಾಣದಲ್ಲಿ ಇಲ್ಲ, ಅರಸ ಕೇಳಿರಲಾರ. ನನಗೆ ತೋರುವ ಉತ್ತರ ಹೀಗಿದೆ: ಹಲಸಿನ ಹಣ್ಣು ಕೆತ್ತಿ ಮುಗಿಸಿದವನು ಅದನ್ನು ನೋಡಿದ. ಹಣ್ಣಾದರೆ ಅದಕ್ಕೆ ವಾಸನೆ ಇರಬೇಕು. ಕಲ್ಲಿಗೆ ವಾಸನೆ ತರುವುದು ಹೇಗೆ? ಒಂದು ನೊಣ ಕೂರಿಸಿದರೆ ಹಣ್ಣು ಮಾಗಿತು. ನೊಣ ಬಂದರೆ ಹಲ್ಲಿ ಬಾರದೆ ಇರುತ್ತದೆಯೇ? ಯಾರೂ ಕೇಳದ ಪ್ರಶ್ನೆಯನ್ನು ಅವನೇ ಕೇಳಿಕೊಂಡು ಅವನೇ ಉತ್ತರಿಸಿದ್ದಾನೆ. ಹೆಮ್ಮೆಯ ಅತ್ಯಂತ ಶುದ್ಧ ರೂಪ ಇದೇ ಎಂದು ನಾನು ನಂಬುತ್ತೇನೆ. ಬಿರುದಿನಲ್ಲಿ ಇರುವುದಕ್ಕಿಂತ ಹೆಚ್ಚು ಹೆಮ್ಮೆ ಆ ನೊಣದಲ್ಲಿದೆ. ಮೆಚ್ಚುವವರು ಇಲ್ಲದ ಕಡೆಯೂ ಕೆಲಸ ಪೂರ್ತಿಯಾಗಬೇಕು ಎಂದು ಒಳಗಿನವನು ಹಟ ಹಿಡಿದಿದ್ದಾನೆ.

ಕಲ್ಲಿನ ಗುಣವನ್ನೂ ಇಲ್ಲಿ ಹೇಳಬೇಕು, ಯಾಕೆಂದರೆ ಈ ಆತ್ಮಪರೀಕ್ಷೆಯ ಸ್ವರೂಪವನ್ನು ನಿರ್ಧರಿಸಿದ್ದು ಅದೇ. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಮೆದುವಾಗಿರುತ್ತದೆ, ಗಾಳಿ ಬಿಸಿಲು ತಾಗುತ್ತಾ ಹೋದಂತೆ ಗಟ್ಟಿಯಾಗುತ್ತದೆ. ಮೆದುವಾಗಿದ್ದುದರಿಂದಲೇ ಒಡವೆಯ ಒಂದೊಂದು ಎಳೆಯನ್ನೂ ಬಿಡಿಸಲು ಸಾಧ್ಯವಾಯಿತು. ಆದರೆ ಎಷ್ಟೇ ಮೆದುವಾದರೂ ಕಲ್ಲು ಕಲ್ಲೇ. ತೆಗೆದದ್ದನ್ನು ಮತ್ತೆ ಅಂಟಿಸಲಾಗದು. ಬರೆದು ಅಳಿಸುವವರಿಗೆ ತಪ್ಪು ಮಾಡಿದ ಮೇಲೆ ಯೋಚಿಸುವ ಅನುಕೂಲವಿದೆ. ರೂವಾರಿ ಪ್ರತಿ ಏಟಿಗೂ ಮುಂಚೆಯೇ ಯೋಚಿಸಿರಬೇಕು. ಅವನ ಆತ್ಮಾವಲೋಕನ ರಾತ್ರಿ ಮಲಗುವಾಗ ಮಾಡುವ ಲೆಕ್ಕಾಚಾರವಾಗಿರದೆ ಸುತ್ತಿಗೆ ಎತ್ತಿ ಇಳಿಸುವ ನಡುವಿನ ಆ ಕ್ಷಣದಲ್ಲೇ ನಡೆಯುತ್ತಿತ್ತು.

ಅದಕ್ಕೂ ಮುಂಚಿನ ಹಂತ ಕಲ್ಲಿನ ಆಯ್ಕೆ. ವಿಗ್ರಹ ಮಾಡುವವರು ಕಲ್ಲನ್ನು ತಟ್ಟಿ ನಾದ ಕೇಳಿ ಒಪ್ಪುತ್ತಾರೆ, ಇಂದಿಗೂ. ಗಂಟೆಯಂತೆ ಉಲಿದರೆ ಸರಿ, ಒಡಕು ದನಿ ಬಂದರೆ ಒಳಗೆಲ್ಲೋ ಬಿರುಕಿದೆ ಎಂದು ಅರ್ಥ. ಒಳಗೆ ದೋಷವಿರುವ ಕಲ್ಲನ್ನು ಬಿಟ್ಟುಬಿಡಬೇಕೆಂದು ಶಿಲ್ಪಶಾಸ್ತ್ರ ಕಟ್ಟುನಿಟ್ಟಾಗಿ ಹೇಳುತ್ತದೆ. ಈ ನಿಯಮವೇ ನಾವೆಲ್ಲ ಚಿಕ್ಕಂದಿನಿಂದ ಕೇಳಿದ ಕಥೆಯ ಬೀಜ.

ಗಂಧ ಒಣಗದ ಜಾಗ

ಜಕಣಾಚಾರಿಯ ಕಥೆ ಗೊತ್ತಿಲ್ಲದ ಕನ್ನಡಿಗರು ಅಪರೂಪ. ಬೇಲೂರಿನಲ್ಲಿ ಅವನು ಕೆತ್ತಿದ ಕೇಶವನ ವಿಗ್ರಹ ಪ್ರತಿಷ್ಠೆಗೆ ಸಿದ್ಧವಾಗಿರುತ್ತದೆ. ಎಲ್ಲಿಂದಲೋ ಬಂದ ಹುಡುಗನೊಬ್ಬ ‘ಈ ಕಲ್ಲಿನಲ್ಲಿ ದೋಷವಿದೆ’ ಎನ್ನುತ್ತಾನೆ. ಜಕಣಾಚಾರಿಗೆ ಸಿಟ್ಟು ಬರುತ್ತದೆ, ದೋಷ ತೋರಿಸಿದರೆ ನನ್ನ ಬಲಗೈಯನ್ನೇ ಕಡಿದುಕೊಳ್ಳುತ್ತೇನೆ ಎನ್ನುತ್ತಾನೆ. ವಿಗ್ರಹಕ್ಕೆಲ್ಲ ಗಂಧ ಬಳಿಯುತ್ತಾರೆ. ಗಂಧ ಎಲ್ಲ ಕಡೆ ಒಣಗುತ್ತದೆ, ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಉಳಿ ಇಟ್ಟು ಒಡೆದರೆ ನೀರು, ಮರಳು, ಜೊತೆಗೊಂದು ಕಪ್ಪೆ. ಜಕಣಾಚಾರಿ ಆಡಿದ ಮಾತಿನಂತೆ ಕೈ ಕಡಿದುಕೊಳ್ಳುತ್ತಾನೆ. ಆ ಹುಡುಗ ಅವನದೇ ಮಗ ಡಂಕಣ ಎಂದು ಆಮೇಲೆ ತಿಳಿಯುತ್ತದೆ. ಕೊನೆಗೆ ತನ್ನ ಊರಿನಲ್ಲಿ ಚೆನ್ನಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬರುತ್ತದೆ, ಊರಿಗೆ ಕೈದಾಳ ಎಂಬ ಹೆಸರು ಬರುತ್ತದೆ. ಕೈದಾಳ ತುಮಕೂರಿನ ಹತ್ತಿರ ಗೂಳೂರಿನ ಬಳಿ ಈಗಲೂ ಇದೆ. ಬೇಲೂರಿನ ಆವರಣದಲ್ಲಿ ಶಾಂತಲಾದೇವಿ ಕಟ್ಟಿಸಿದ ಗುಡಿಗೆ ಕಪ್ಪೆ ಚೆನ್ನಿಗರಾಯ ಎಂಬ ಹೆಸರೂ ಇದೆ.

ಇದು ಐತಿಹ್ಯ. ಬೇಲೂರಿನ ಪೀಠಗಳ ಮೇಲೆ ಜಕಣಾಚಾರಿ ಎಂಬ ಸಹಿ ಸಿಕ್ಕಿಲ್ಲ. ಸಹಿ ಹಾಕಿದ ದಾಸೋಜ, ಚಾವಣರನ್ನು ನಾಡು ಮರೆತಿದೆ, ಸಹಿಯೇ ಇಲ್ಲದವನ ಹೆಸರಿನಲ್ಲಿ ರಾಜ್ಯ ಸರ್ಕಾರ ಶಿಲ್ಪಿಗಳಿಗೆ ಪ್ರಶಸ್ತಿ ಕೊಡುತ್ತದೆ. ಅದಕ್ಕೆ ನನ್ನ ಆಕ್ಷೇಪವಿಲ್ಲ. ಶಿಲ್ಪಿಯೊಬ್ಬನನ್ನು ಅಮರನನ್ನಾಗಿ ಮಾಡಬೇಕೆಂದು ಜನಕ್ಕೆ ಅನಿಸಿದ್ದೇ ದೊಡ್ಡದು. ಆಕ್ಷೇಪ ಇರುವುದು ಆ ಕಥೆಯಲ್ಲಿ ನಾವು ಯಾವುದನ್ನು ಎತ್ತಿ ಹಿಡಿಯುತ್ತೇವೆ ಎನ್ನುವುದರ ಬಗ್ಗೆ.

ನಾವು ಕಡಿದ ಕೈಯನ್ನು ನೆನಪಿಟ್ಟುಕೊಂಡಿದ್ದೇವೆ. ಎಂಥ ಪ್ರಾಮಾಣಿಕ, ತಪ್ಪು ಕಂಡ ಕೂಡಲೇ ತನ್ನನ್ನೇ ಶಿಕ್ಷಿಸಿಕೊಂಡ ಎಂದು ಮೆಚ್ಚುತ್ತೇವೆ. ನಿಧಾನವಾಗಿ ನೋಡಿದರೆ ಕೈ ಕಡಿದುಕೊಂಡಿದ್ದರಿಂದ ವಿಗ್ರಹವೂ ಸರಿಹೋಗಲಿಲ್ಲ, ಮುಂದಿನ ವಿಗ್ರಹವೂ ಹುಟ್ಟಲಿಲ್ಲ. ಆ ಕೈ ಬೆಟ್ ಕಟ್ಟಿದ ಅಹಂಕಾರಕ್ಕೆ ಹೋದದ್ದು. ‘ನನ್ನಲ್ಲಿ ದೋಷವಿರಲು ಸಾಧ್ಯವೇ ಇಲ್ಲ’ ಎಂದವನೇ ‘ನನ್ನಲ್ಲಿ ದೋಷ ಸಿಕ್ಕಿತು, ಇನ್ನು ನಾನು ಬದುಕಿ ಏನು ಫಲ’ ಎನ್ನುವುದು. ಎರಡೂ ಸಲ ಅವನ ಕಣ್ಣು ತನ್ನ ಮೇಲಿದೆ, ಕಲ್ಲಿನ ಮೇಲಿಲ್ಲ. ಅತಿಯಾದ ಗರ್ವವೂ ಅತಿಯಾದ ಆತ್ಮನಿಂದೆಯೂ ಒಂದೇ ಬೇರಿನಿಂದ ಹೊರಡುತ್ತವೆ ಎನ್ನುವುದನ್ನು ಈ ಕಥೆಯಷ್ಟು ಸ್ಪಷ್ಟವಾಗಿ ತೋರಿಸುವುದು ಬೇರೆ ಯಾವುದೂ ಇಲ್ಲ.

ಆತ್ಮಸಾಕ್ಷಿ ನಿಜವಾಗಿ ಕೆಲಸ ಮಾಡಿದ ಘಳಿಗೆ ಈ ಕಥೆಯಲ್ಲೇ ಇದೆ, ನಾವು ಅದನ್ನು ದಾಟಿ ಮುಂದೆ ಹೋಗಿಬಿಡುತ್ತೇವೆ. ಗಂಧ ಬಳಿಯಲು ಅವನು ಒಪ್ಪಿದನಲ್ಲ, ಅದು. ಅವನು ನಾಡಿಗೇ ಹೆಸರಾದ ಶಿಲ್ಪಿ. ಎದುರಿಗೆ ನಿಂತವನು ಗುರುತು ಪರಿಚಯವಿಲ್ಲದ ಹುಡುಗ. ಆಚೆ ತಳ್ಳಿಸಿ ಪ್ರತಿಷ್ಠೆ ಮುಗಿಸಿಬಿಡಬಹುದಿತ್ತು. ಕಪ್ಪೆ ಒಳಗೇ ಇರುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ಸಿಟ್ಟಿನಲ್ಲೇ ಆಗಲಿ, ತನ್ನ ಕೆಲಸವನ್ನು ಪರೀಕ್ಷೆಗೆ ಒಡ್ಡಿದ. ಗಂಧ ಒಣಗುವುದನ್ನು ಕಾದು ನೋಡಿದ. ಒಣಗದ ಜಾಗದಲ್ಲಿ ಉಳಿ ಇಡಲು ಬಿಟ್ಟ. ಪೂರ್ತಿಗೊಂಡ ವಿಗ್ರಹದ ಹೊಕ್ಕುಳಿಗೆ ಇನ್ನೊಬ್ಬ ಉಳಿ ಇಡುವುದನ್ನು ನಿಂತು ನೋಡುವುದಕ್ಕಿಂತ ದೊಡ್ಡ ಧೈರ್ಯ ಸೃಜನಶೀಲ ಬದುಕಿನಲ್ಲಿ ಇಲ್ಲ.

ಆತ್ಮಪರೀಕ್ಷೆ ಎಂದರೆ ಏನು ಎಂಬ ಪ್ರಶ್ನೆಗೆ ಗಂಧವೇ ಉತ್ತರ. ಕಣ್ಣು ಮುಚ್ಚಿ ಕೂತು ‘ನಾನು ಒಳ್ಳೆಯವನೇ? ನನ್ನ ಕೆಲಸ ಒಳ್ಳೆಯದೇ?’ ಎಂದು ಕೇಳಿಕೊಂಡರೆ ಆ ದಿನದ ಮನಸ್ಥಿತಿ ಉತ್ತರ ಕೊಡುತ್ತದೆ. ಗಂಧ ಹಾಗಲ್ಲ. ಅದಕ್ಕೆ ಶಿಲ್ಪಿಯ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಪ್ರತಿ ಕಸುಬಿನಲ್ಲೂ ಇಂಥದ್ದೊಂದು ಇದೆ. ಗಾರೆಯವನು ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು ಗೋಡೆ ನೋಡುತ್ತಾನೆ. ಒಳ್ಳೆಯ ದರ್ಜಿ ಬಟ್ಟೆಯ ಒಳಮಗ್ಗುಲನ್ನು ತಿರುಗಿಸಿ ಹೊಲಿಗೆ ನೋಡುತ್ತಾನೆ. ಹಾಡುವವರು ಶ್ರುತಿ ಹಾಕಿಕೊಂಡು ತಮ್ಮದೇ ರೆಕಾರ್ಡಿಂಗ್ ಕೇಳುತ್ತಾರೆ, ಹಾಡುವಾಗ ಕೇಳಿಸದ ಅಪಸ್ವರ ಆಗ ಕೇಳಿಸುತ್ತದೆ. ಬರೆಯುವವರಿಗೆ ಗಟ್ಟಿಯಾಗಿ ಓದುವುದಕ್ಕಿಂತ ಒಳ್ಳೆಯ ಗಂಧ ಇಲ್ಲ. ನಾಲಿಗೆ ಎಲ್ಲಿ ತೊಡರುತ್ತದೋ ಅಲ್ಲಿ ವಾಕ್ಯ ಇನ್ನೂ ಹಸಿ. ಹಾಗೆ ತೊಡರಿದ ಕಡೆ ಬೇಸರಪಟ್ಟುಕೊಳ್ಳುವ ಅಗತ್ಯವಿಲ್ಲ, ಅಲ್ಲಿ ಉಳಿ ಇಟ್ಟು ನೋಡಿದರಾಯಿತು.

ಡಂಕಣನನ್ನೂ ಮರೆಯಬಾರದು. ತಾನೇ ಕಾಣಲಾಗದ್ದನ್ನು ಕಾಣಲು ಇನ್ನೊಂದು ಜೊತೆ ಕಣ್ಣು ಬೇಕು. ಆ ಕಣ್ಣಿಗೆ ಕಸುಬು ಗೊತ್ತಿರಬೇಕು, ನಮ್ಮ ಮುಲಾಜು ಇರಬಾರದು. ನೆಂಟರಿಷ್ಟರ ಮೆಚ್ಚುಗೆ ಮನಸ್ಸಿಗೆ ಹಿತ, ಅದು ಬೇಕು ಕೂಡ. ಆದರೆ ಅದರಿಂದ ಕಪ್ಪೆ ಹೊರಬರುವುದಿಲ್ಲ.

ಹೆಸರು ಬಿಟ್ಟವರು, ಹೆಸರು ಸಿಗದವರು

ಬೇಲೂರಿನ ಗುಡಿ ಎದ್ದ ಅದೇ ಹನ್ನೆರಡನೇ ಶತಮಾನದಲ್ಲಿ, ಕಲ್ಯಾಣದಲ್ಲಿ ಶರಣರು ತಮ್ಮ ರಚನೆಗಳಿಗೆ ಬೇರೆಯೇ ಬಗೆಯ ಸಹಿ ಹಾಕಿದರು. ರೂವಾರಿ ದೇವರ ಮನೆಯಲ್ಲಿ ತನ್ನ ಹೆಸರು ಬರೆದ. ಬಸವಣ್ಣ ತನ್ನ ಮಾತಿನ ಕೊನೆಯಲ್ಲಿ ಕೂಡಲಸಂಗಮದೇವನ ಹೆಸರಿಟ್ಟ, ಅಕ್ಕ ಚೆನ್ನಮಲ್ಲಿಕಾರ್ಜುನನ ಹೆಸರಿಟ್ಟಳು. ಒಂದು ಹೆಮ್ಮೆ, ಇನ್ನೊಂದು ವಿನಯ ಎಂದು ಸುಲಭವಾಗಿ ಬೇರ್ಪಡಿಸಬಹುದು, ಆದರೆ ಅದು ಸರಿಯಲ್ಲ. ಅಂಕಿತದಿಂದಲೇ ಇದು ಯಾರ ವಚನ ಎಂದು ಗೊತ್ತಾಗುತ್ತದೆ. ಹಾಗಾಗಿ ಶರಣರೂ ತಪ್ಪಿಸಿಕೊಂಡವರಲ್ಲ. ಇಷ್ಟದೈವವನ್ನು ಸಾಕ್ಷಿಗೆ ಕರೆದು ಆಡಿದ ಮಾತನ್ನು ನಡೆಯಲ್ಲಿ ತಪ್ಪಿದರೆ ಆ ಹೆಸರೇ ಎದುರು ನಿಲ್ಲುತ್ತದೆ. ರೂವಾರಿ ಎದುರಾಳಿಯನ್ನು ಸಾಕ್ಷಿಯಾಗಿ ಕರೆದ, ಶರಣರು ದೇವರನ್ನು ಕರೆದರು. ಯಾರನ್ನೂ ಕರೆಯದೆ ಮಾಡಿದ ಕೆಲಸಕ್ಕೂ ಇವೆರಡಕ್ಕೂ ಇರುವ ಅಂತರವೇ ಮುಖ್ಯ.

ಇನ್ನೊಂದು ಮಾತು ನನ್ನನ್ನು ಕಾಡುತ್ತದೆ. ಪ್ರತಿ ಸಹಿಯ ಹಿಂದೆ ಸಹಿ ಹಾಕದ ಎಷ್ಟೋ ಕೈಗಳಿವೆ. ಗಣಿಯಲ್ಲಿ ಕಲ್ಲು ಸೀಳಿದವರು, ಬಂಡಿಯಲ್ಲಿ ಎಳೆದು ತಂದವರು, ಉಳಿಗೆ ಹದ ಕೊಟ್ಟು ಚೂಪು ಮಾಡಿದ ಕಮ್ಮಾರರು, ಅಧಿಷ್ಠಾನದ ಸುತ್ತ ಆನೆಗಳ ಸಾಲು ಕೆತ್ತುತ್ತಾ ಕೈ ಪಳಗಿಸಿಕೊಂಡ ಹುಡುಗರು. ಆ ಆನೆಗಳಲ್ಲಿ ಒಂದೊಂದರದು ಒಂದೊಂದು ನಡಿಗೆ. ಅವುಗಳ ಕೆಳಗೆ ಹೆಸರಿಲ್ಲ. ಮುಖ್ಯ ರೂವಾರಿಯ ಹೆಸರಿನ ವಿಗ್ರಹದಲ್ಲೂ ಒರಟು ಕೆಲಸ ಶಿಷ್ಯರದು, ಕೊನೆಯ ಹದ ಗುರುವಿನದು ಆಗಿರಬಹುದು.

ನನ್ನ ಹೆಸರಿನ ಕೆಳಗೆ ಇರುವುದರಲ್ಲಿ ನನ್ನದೆಷ್ಟು ಎಂಬ ಪ್ರಶ್ನೆಯನ್ನು ಬಿಟ್ಟು ಆತ್ಮಾವಲೋಕನ ಪೂರ್ತಿಯಾಗದು. ಇಂದು ಈ ಪ್ರಶ್ನೆ ಇನ್ನಷ್ಟು ಹತ್ತಿರ ಬಂದಿದೆ. ಸಂಪಾದಕರು ತಿದ್ದಿಕೊಟ್ಟ ಲೇಖನ, ಸಹಾಯಕರು ಬಣ್ಣ ತುಂಬಿದ ಚಿತ್ರ, ತಂಡವೆಲ್ಲ ಸೇರಿ ಮಾಡಿದ ವಿನ್ಯಾಸ, ಕಂಪ್ಯೂಟರ್‌ಗೆ ಹೇಳಿ ಬರೆಸಿಕೊಂಡ ಪುಟ. ಇವುಗಳಲ್ಲಿ ಯಾವುದೂ ತಾನಾಗಿ ತಪ್ಪಲ್ಲ. ಆದರೆ ಹೆಸರು ಹಾಕುವವನು ಅದರ ಪ್ರತಿ ಅಂಗುಲವನ್ನೂ ತಟ್ಟಿ ನಾದ ಕೇಳಿರಬೇಕು, ಕೈ ಹಚ್ಚಿದವರನ್ನು ಹೆಸರಿಸಬೇಕು. ತಟ್ಟಿ ನೋಡದ ಕಲ್ಲಿನ ಮೇಲೆ ಹೆಸರು ಕೊರೆದರೆ ಒಳಗಿನ ಕಪ್ಪೆಯೂ ನಮ್ಮದೇ ಆಗುತ್ತದೆ. ಮತ್ತು ಇನ್ನೊಬ್ಬರ ಕೈಚಳಕಕ್ಕೆ ಸಿಕ್ಕ ಮೆಚ್ಚುಗೆ ನಮ್ಮನ್ನು ಒಳಗೊಳಗೇ ಬಡವಾಗಿಸುತ್ತದೆ. ನಿಜವಾದ ಹೆಮ್ಮೆಗೆ ಬೇಕಾದ ಆಧಾರವೇ ಅಲ್ಲಿ ಇರುವುದಿಲ್ಲ.

ಕಣ್ಣು ತೆರೆದ ಮೇಲೆ

ಪರೀಕ್ಷೆ ಎಲ್ಲಿಯವರೆಗೆ? ತಿದ್ದುತ್ತಾ ತಿದ್ದುತ್ತಾ ಯಾವುದನ್ನೂ ಹೊರಗೆ ಬಿಡದೆ ಕೂತವರು ನಮ್ಮ ಸುತ್ತಮುತ್ತ ಬಹಳ ಇದ್ದಾರೆ. ಪೆಟ್ಟಿಗೆಯಲ್ಲಿ ಕವಿತೆಗಳಿರುತ್ತವೆ, ಹತ್ತಿರದವರಿಗೂ ತೋರಿಸಿರುವುದಿಲ್ಲ. ಅವರಿಗೆ ಆತ್ಮಸಾಕ್ಷಿ ಕಡಿಮೆಯಿಲ್ಲ, ಅದು ಹೊತ್ತು ಮೀರಿ ಕೆಲಸ ಮಾಡುತ್ತಿದೆ ಅಷ್ಟೇ.

ಶಿಲ್ಪಿಗಳ ಸಂಪ್ರದಾಯ ಇದಕ್ಕೆ ಒಂದು ಗಡಿ ಹಾಕಿಕೊಟ್ಟಿದೆ. ಪೂಜೆಯ ವಿಗ್ರಹದಲ್ಲಿ ಕೊನೆಗೆ ಬಿಡಿಸುವುದು ಕಣ್ಣನ್ನು. ನೇತ್ರೋನ್ಮೀಲನ ಎಂಬ ಆ ವಿಧಿಯಲ್ಲಿ ಚಿನ್ನದ ಸೂಜಿಯಿಂದ ಕಣ್ಣಿನ ಗೆರೆ ಎಳೆಯುತ್ತಾರೆ. ಅಲ್ಲಿಗೆ ಶಿಲ್ಪಿಯ ಅಧಿಕಾರ ಮುಗಿಯಿತು. ಪ್ರಾಣಪ್ರತಿಷ್ಠೆಯಾದ ಮೇಲೆ ಎಷ್ಟೋ ದೇವಾಲಯಗಳಲ್ಲಿ ತಾನೇ ಕೆತ್ತಿದ ಮೂರ್ತಿಯನ್ನು ಅವನು ಗರ್ಭಗುಡಿಯ ಹೊರಗೆ ನಿಂತು ಎಲ್ಲರ ಜೊತೆ ನೋಡಬೇಕು. ಇದರಲ್ಲಿ ಜಾತಿಯ ಕಟ್ಟುಪಾಡಿನ ನೋವೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಕಸುಬಿನ ಮಟ್ಟಿಗೆ ಈ ಗಡಿಯಲ್ಲಿ ಒಂದು ವಿವೇಕವಿದೆ. ಕಣ್ಣು ತೆರೆಯುವ ತನಕ ಎಷ್ಟು ನಿಷ್ಠುರವಾಗಿ ಬೇಕಾದರೂ ನೋಡು, ಆಮೇಲೆ ಅದನ್ನು ಅದರ ಪಾಡಿಗೆ ಬಿಡು ಎನ್ನುತ್ತದೆ ಅದು.

ಆಮೇಲೆ ತಪ್ಪು ಕಂಡರೆ? ಕಾಣುತ್ತದೆ, ಯಾರಿಗೆ ಕಂಡಿಲ್ಲ ಹೇಳಿ. ಚಿಕ್ಕಮಗಳೂರು ಜಿಲ್ಲೆಯ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯ ಕಟ್ಟಿದ್ದು 1196ರಲ್ಲಿ. ರೂವಾರಿ ಮಲ್ಲಿತಮ್ಮ ಅಲ್ಲಿಯೇ ತನ್ನ ವೃತ್ತಿ ಆರಂಭಿಸಿದನೆಂದು ವಿದ್ವಾಂಸರು ಹೇಳುತ್ತಾರೆ. ನುಗ್ಗೇಹಳ್ಳಿಯ ಗೋಡೆ 1246ರದ್ದು. ಸೋಮನಾಥಪುರದ ಕೇಶವ ದೇವಾಲಯವನ್ನು ಸೋಮನಾಥ ದಂಡನಾಯಕ ಕಟ್ಟಿಸಿದ್ದು 1258ರಲ್ಲಿ, ಅಲ್ಲಿ ಸುಮಾರು 40 ವಿಗ್ರಹಗಳಲ್ಲಿ ಅವನ ಸಹಿಯಿದೆ. ಹೆಚ್ಚುಕಡಿಮೆ 60 ವರ್ಷದ ದುಡಿಮೆ. ಅಮೃತಾಪುರದ ಮುಚ್ಚಿಗೆಯಲ್ಲಿ ಕೈ ತಪ್ಪಿದ್ದು ಏನಾದರೂ ಅವನಿಗೆ ಕಂಡಿದ್ದರೆ, ಹತ್ತಿ ಹೋಗಿ ತಿದ್ದುವ ಅವಕಾಶ ಇರಲಿಲ್ಲ. ಅದನ್ನು ಸರಿಪಡಿಸಿಕೊಳ್ಳಲು ಅವನಿಗೆ ಇದ್ದದ್ದು ಮುಂದಿನ ಊರಿನ ಮುಂದಿನ ಕಲ್ಲು ಮಾತ್ರ. ಆ ಕಲ್ಲಿನ ಪೀಠದ ಮೇಲೂ ಅವನು ತನ್ನ ಹೆಸರು ಕೊರೆದ.